ಲ್ಯಾಪ್‌ಟಾಪಿನ ಸಣ್ಣ ಕಿರಿಕಿರಿಗಳು: ಹತ್ತನೇ ತರಗತಿಗೆ ಒಂದು ಪಾಠಯೋಜನೆ

ವಿಷಯ: ವಿಜ್ಞಾನ
ಘಟಕ: ಗೃಹಬಳಕೆಯ ವಿದ್ಯುತ್ ಮಂಡಲಗಳು (ಪೂರಕ ಚಟುವಟಿಕೆ)
ಅವಧಿ: 40 ನಿಮಿಷ

ಪೀಠಿಕೆ

ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಯ ಚೀಲದಲ್ಲಿ ಈಗ ಪಾಠಯೋಜನೆಯ ಪುಸ್ತಕದ ಜೊತೆ ಲ್ಯಾಪ್‌ಟಾಪೂ ಇರುತ್ತದೆ. ನಾರಾಯಣಪುರದಂಥ ಊರಿನ ಶಾಲೆಯಲ್ಲಿ ಅದು ಕೈಕೊಟ್ಟರೆ ದುರಸ್ತಿಗೆ ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಒಯ್ಯಬೇಕು. ಅಂದಿನ ಪಾಠವಂತೂ ಹೋದಂತೆಯೇ. ಆದರೆ ಬಹಳಷ್ಟು ತೊಂದರೆಗಳು ಬ್ರಷ್ಷು, ಹತ್ತಿ, ಸಣ್ಣ ಸ್ಕ್ರೂಡ್ರೈವರಿನಿಂದ ಸರಿಹೋಗುವಂಥವು. ಕೆಲವು ಮಾತ್ರ ಮುಟ್ಟಲೇಬಾರದಂಥವು. ಇವೆರಡನ್ನು ಗುರುತಿಸಲು ಕಲಿಸುವುದೇ ಈ ಪಾಠದ ತಿರುಳು.

ಉದ್ದೇಶಗಳು

ವಿದ್ಯಾರ್ಥಿಗಳು,
1. ಲಕ್ಷಣದಿಂದ ಕಾರಣವನ್ನು ಊಹಿಸಿ, ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸುವರು.
2. ಭೂಸಂಪರ್ಕ ತಂತಿಯ ಕೆಲಸವನ್ನು ನಿತ್ಯದ ಅನುಭವದಿಂದ ವಿವರಿಸುವರು.
3. ತಾವು ಮಾಡಬಹುದಾದ ಮತ್ತು ಮಾಡಬಾರದ ದುರಸ್ತಿಗಳನ್ನು ಬೇರ್ಪಡಿಸುವರು.

ಸಾಮಗ್ರಿಗಳು

ಹಳೆಯ ಲ್ಯಾಪ್‌ಟಾಪ್, ಮೆತ್ತನೆಯ ಬಣ್ಣದ ಬ್ರಷ್, ಕೈಯಿಂದ ಒತ್ತುವ ರಬ್ಬರ್ ಗಾಳಿಬುರುಡೆ, ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿಕಡ್ಡಿ, ಮರದ ಹಲ್ಲುಕಡ್ಡಿ, ಸೈಕಲ್ ಟ್ಯೂಬಿನ ತುಂಡು, ಅಂಟು.

ಹಂತ 1: ಪ್ರಶ್ನೆಯಿಂದ ಆರಂಭ (8 ನಿಮಿಷ)

“ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿಲ್ಲ. ಮೊದಲು ಏನು ನೋಡುತ್ತೀರಿ?” ಎಂದು ಕೇಳಿ, ಉತ್ತರಗಳನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆಯಬೇಕು. ನಂತರ ಅವನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಬೇಕು. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿದರೆ ನಡೆಯುತ್ತದೆಯೇ? ಗೋಡೆಯಿಂದ ಅಡಾಪ್ಟರಿಗೆ ಬರುವ ತಂತಿ ಸಡಿಲವಾಗಿದೆಯೇ? ಲ್ಯಾಪ್‌ಟಾಪಿನ ರಂಧ್ರದಲ್ಲಿ ಕಸ ಸೇರಿದೆಯೇ? ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಂತ್ರ ಸರಿಹೋದರೂ ಕಾರಣ ತಿಳಿಯುವುದಿಲ್ಲ. ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ.

ಹಂತ 2: ಕೈಯಾರೆ ಮಾಡುವವು (14 ನಿಮಿಷ)

ಮೊದಲ ನಿಯಮ: ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ತೆಗೆಯಬೇಕು.

ಬಿಸಿ ಮತ್ತು ಫ್ಯಾನಿನ ಸದ್ದು: ನಮ್ಮ ಭಾಗದ ಜಂಬಿಟ್ಟಿಗೆ ಮಣ್ಣಿನ ಕೆಂಧೂಳು, ಜೊತೆಗೆ ಸೀಮೆಸುಣ್ಣದ ಪುಡಿ, ಗಾಳಿಕಿಂಡಿಯನ್ನು ಮುಚ್ಚುತ್ತವೆ. ಬಿಸಿ ಹೊರಹೋಗದಿದ್ದಾಗ ಪ್ರೊಸೆಸರ್ ತನ್ನ ರಕ್ಷಣೆಗಾಗಿ ತಾನೇ ವೇಗ ತಗ್ಗಿಸುತ್ತದೆ. “ಯಂತ್ರ ನಿಧಾನವಾಯಿತು” ಎಂಬ ದೂರಿಗೆ ಇದೂ ಒಂದು ಕಾರಣ. ಬ್ರಷ್ಷಿನಿಂದ ಧೂಳು ಸಡಿಲಿಸಿ, ಗಾಳಿಬುರುಡೆಯಿಂದ ಸಣ್ಣಸಣ್ಣದಾಗಿ ಊದಬೇಕು. ಬಾಯಿಂದ ಊದಬಾರದು, ಉಸಿರಿನ ತೇವ ಒಳಸೇರುತ್ತದೆ.

ಕಳಚಿದ ರಬ್ಬರ್ ಪಾದ: ಪಾದ ಹೋದರೆ ಯಂತ್ರ ಅಲುಗಾಡುವುದಷ್ಟೇ ಅಲ್ಲ, ಅಡಿಯಲ್ಲಿ ಗಾಳಿಯಾಡುವ ಸಂದೂ ಇಲ್ಲವಾಗುತ್ತದೆ. ಸೈಕಲ್ ಟ್ಯೂಬನ್ನು ಕತ್ತರಿಸಿ, ಉಳಿದ ಪಾದಗಳ ಎತ್ತರಕ್ಕೆ ಪದರ ಜೋಡಿಸಿ ಅಂಟಿಸಬಹುದು. ಕಿಂಡಿ ಮುಚ್ಚದಂತೆ ನೋಡಿಕೊಳ್ಳಬೇಕು.

ಅಂಟುವ ಕೀಲಿ: ಯಂತ್ರವನ್ನು ಓರೆಯಾಗಿ ಹಿಡಿದು ಕೊಡವಿ, ಆಲ್ಕೊಹಾಲಿನಲ್ಲಿ ತುಸುವೇ ಅದ್ದಿದ ಹತ್ತಿಕಡ್ಡಿಯಿಂದ ಕೀಲಿಯ ಅಂಚು ಒರೆಸಬೇಕು. ನೀರು ಬೇಡ.

ಸಡಿಲವಾದ ಯುಎಸ್‌ಬಿ ರಂಧ್ರ: ಬಟ್ಟೆಯ ನವಿರು ಸೇರಿರಬಹುದು. ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಬೇಕು. ಗುಂಡುಸೂಜಿಯಿಂದ ಕೆದಕಿದರೆ ಒಳಗಿನ ಲೋಹದ ಸಂಪರ್ಕಗಳು ಬಾಗುತ್ತವೆ.

ಹಂತ 3: ಜುಮ್ಮೆನ್ನುವ ಕವಚ (12 ನಿಮಿಷ)

ಚಾರ್ಜ್ ಆಗುವಾಗ ಲೋಹದ ಕವಚ ಮುಟ್ಟಿದರೆ ಬೆರಳು ಜುಮ್ಮೆನ್ನುವುದು ಹಲವರಿಗೆ ಗೊತ್ತು. ಅಡಾಪ್ಟರು 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು ಸುಮಾರು 19 ವೋಲ್ಟ್ ನೇರ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಅದರೊಳಗಿನ ಶೋಧಕ ಕೆಪಾಸಿಟರುಗಳ ಮೂಲಕ ಅತಿ ಸಣ್ಣ ಪ್ರವಾಹ ಕವಚಕ್ಕೆ ಬರುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಭೂಸಂಪರ್ಕ ತಂತಿ ಅದನ್ನು ನೆಲಕ್ಕೆ ಒಯ್ಯುತ್ತದೆ. ಮೂರನೇ ಪಿನ್ ಮುರಿದಿದ್ದರೆ, ಎರಡು ಪಿನ್ನಿನ ಪರಿವರ್ತಕ ಬಳಸಿದ್ದರೆ, ಇಲ್ಲವೇ ಸಾಕೆಟ್ಟಿಗೆ ಭೂಸಂಪರ್ಕವೇ ಇಲ್ಲದಿದ್ದರೆ ಅದು ನಮ್ಮ ಬೆರಳಿನ ದಾರಿ ಹಿಡಿಯುತ್ತದೆ. ಹಾಗಾಗಿ ದುರಸ್ತಿ ಬೇಕಾಗಿರುವುದು ಹೆಚ್ಚಾಗಿ ಲ್ಯಾಪ್‌ಟಾಪಿಗಲ್ಲ, ಗೋಡೆಗೆ. ಒಣಗಿದ ಮಣ್ಣಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯದು. ಬೇಸಿಗೆಯಲ್ಲಿ ಭೂಸಂಪರ್ಕದ ಗುಂಡಿಗೆ ನೀರು ಹಾಕುವುದು ಇದಕ್ಕೇ. ಸಾಕೆಟ್ ಪರೀಕ್ಷೆ ಮಾತ್ರ ವಿದ್ಯುತ್ ಕೆಲಸಗಾರರದು. ಅಲ್ಲಿಯವರೆಗೆ ಯಂತ್ರವನ್ನು ಬೇರೆಡೆ ಚಾರ್ಜ್ ಮಾಡಿ, ಪಾಠದಲ್ಲಿ ಬ್ಯಾಟರಿಯ ಮೇಲೆ ನಡೆಸಬೇಕು.

ಹಂತ 4: ನಿಲ್ಲಬೇಕಾದ ಗೆರೆ (6 ನಿಮಿಷ)

ಟಚ್‌ಪ್ಯಾಡ್ ಮೇಲೆದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಉಬ್ಬಿರಬಹುದು. ಆಗ ಚಾರ್ಜ್ ಮಾಡಬಾರದು, ಒತ್ತಬಾರದು, ಚುಚ್ಚಬಾರದು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದು. ಅದನ್ನು ಕಸದ ಬುಟ್ಟಿಗೂ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸಂಗ್ರಹಣೆಗೆ ಒಪ್ಪಿಸಬೇಕು. ತಾಮ್ರ ಕಾಣುವ ಚಾರ್ಜರ್ ತಂತಿಗೆ ಟೇಪು ಸುತ್ತಿ ಮುಂದುವರಿಸಬಾರದು. ಅಡಾಪ್ಟರಿನ ಪೆಟ್ಟಿಗೆಯನ್ನು ಬಿಚ್ಚಲೇಬಾರದು.

ಮೌಲ್ಯಮಾಪನ

ಐದು ಲಕ್ಷಣಗಳ ಚೀಟಿಗಳನ್ನು ಗುಂಪುಗಳಿಗೆ ಕೊಟ್ಟು “ನಾನೇ ಮಾಡುವೆ”, “ದೊಡ್ಡವರನ್ನು ಕೇಳುವೆ”, “ಮುಟ್ಟುವುದಿಲ್ಲ” ಎಂದು ವಿಂಗಡಿಸಲು ಹೇಳಿ, ಪ್ರತಿಯೊಂದಕ್ಕೂ ಕಾರಣ ಕೇಳಬೇಕು. ಸಮಯ ಸಾಲದಿದ್ದರೆ ಇದನ್ನೇ ಗೃಹಪಾಠವಾಗಿ ಕೊಡಬಹುದು.

ಮಾರ್ಗದರ್ಶಕರಿಗೆ ಸೂಚನೆ

ಪ್ರಶಿಕ್ಷಣಾರ್ಥಿಯು ಬ್ರಷ್ ತಾನೇ ಹಿಡಿದು ಪ್ರದರ್ಶನ ಮುಗಿಸಿದರೆ ಪಾಠ ಅರ್ಧವಾದಂತೆ. ಉಪಕರಣ ಯಾರ ಕೈಯಲ್ಲಿತ್ತು, ಹಿಂದಿನ ಬೆಂಚಿನವರಿಗೂ ಹೆಣ್ಣುಮಕ್ಕಳಿಗೂ ಸರದಿ ಬಂದಿತೇ ಎಂಬುದನ್ನು ವೀಕ್ಷಣಾ ಪತ್ರದಲ್ಲಿ ದಾಖಲಿಸಬೇಕು. “ಇದು ನಮ್ಮ ಕೆಲಸವಲ್ಲ” ಎಂಬ ಹಿಂಜರಿಕೆ ಹೆಚ್ಚಾಗಿ ಉಪಕರಣ ಮುಟ್ಟಲು ಅವಕಾಶವೇ ಸಿಗದಿದ್ದುದರಿಂದ ಬಂದಿರುತ್ತದೆ.