ಪ್ರಿಂಟರ್ ಶಾಯಿ: ಪುಟವೊಂದರ ನಿಜವೆಚ್ಚ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ತೋಟದ ಮನೆಗಳಲ್ಲಿ ಪ್ರಿಂಟರ್ ಇಂದು ಅಪರೂಪದ ವಸ್ತುವಾಗಿ ಉಳಿದಿಲ್ಲ. ಕಾಫಿ, ಕಾಳುಮೆಣಸು, ಶುಂಠಿಯ ಮಾರಾಟದ ಬಿಲ್ಲುಗಳು, ಕೂಲಿ ಬಟವಾಡೆಯ ಪಟ್ಟಿ, ಹೋಂಸ್ಟೇ ಅತಿಥಿಗಳ ರಸೀದಿ, ಮಕ್ಕಳ ಶಾಲಾ ಕೆಲಸ ಎಲ್ಲವೂ ಅದರಿಂದಲೇ ಹೊರಬರುತ್ತವೆ. ಆದರೆ ಯಂತ್ರದ ಬೆಲೆಯಲ್ಲಿ ನೂರು ರೂಪಾಯಿಗೆ ಚೌಕಾಸಿ ಮಾಡುವವರು ಶಾಯಿಯ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿರಳ. ಯಂತ್ರವನ್ನು ಅಗ್ಗವಾಗಿ ನೀಡಿ ಶಾಯಿಯಲ್ಲಿ ಲಾಭ ಗಳಿಸುವುದು ಈ ಉದ್ಯಮದ ಹಳೆಯ ಪದ್ಧತಿ.

ಪುಟದ ಲೆಕ್ಕ

ಕಾರ್ಟ್ರಿಜ್ ಪೆಟ್ಟಿಗೆಯ ಮೇಲೆ ನಮೂದಿಸುವ ಪುಟಗಳ ಸಂಖ್ಯೆಯನ್ನು ಬಣ್ಣದ ಇಂಕ್‌ಜೆಟ್‌ಗೆ ಐ.ಎಸ್.ಒ./ಐ.ಇ.ಸಿ. 24711, ಕಪ್ಪು-ಬಿಳುಪು ಲೇಸರ್‌ಗೆ 19752 ಎಂಬ ಮಾನಕಗಳಂತೆ ಅಳೆಯಲಾಗುತ್ತದೆ. ಅದು ಒಂದೇ ಸಮನೆ ಮುದ್ರಿಸಿ ಪಡೆದ ಸಂಖ್ಯೆ. ವಾರಗಟ್ಟಲೆ ಸುಮ್ಮನಿದ್ದು ಒಮ್ಮೆ ಚಾಲನೆಗೊಳ್ಳುವ ಯಂತ್ರವು ತನ್ನ ಮುದ್ರಣ ತಲೆಯನ್ನು ಶುಚಿಗೊಳಿಸಲು ಬಳಸುವ ಶಾಯಿ ಈ ಲೆಕ್ಕದಲ್ಲಿ ಸೇರುವುದಿಲ್ಲ.

ಉದಾಹರಣೆಗೆ, 900 ರೂ. ಬೆಲೆಯ ಕಾರ್ಟ್ರಿಜ್ 180 ಪುಟ ನೀಡುವುದೆಂದು ಭಾವಿಸಿದರೆ ಪುಟಕ್ಕೆ 5 ರೂ. ಆಗುತ್ತದೆ. ಶುಚಿಗೊಳಿಸುವಿಕೆಯಲ್ಲಿ ಶಾಯಿ ಸೋರಿಹೋಗಿ 75 ಪುಟ ಮಾತ್ರ ದೊರೆತರೆ ನಿಜವೆಚ್ಚ 12 ರೂ. ಯಂತ್ರದ ಪುಟಗಣಕದ ಅಂಕಿಯನ್ನು ಪ್ರತಿ ಬಾರಿ ಶಾಯಿ ಕೊಂಡಾಗ ಬಿಲ್ಲಿನ ಮೇಲೆಯೇ ಬರೆದಿಟ್ಟರೆ ಈ ಅಂತರ ತಾನಾಗಿ ತಿಳಿಯುತ್ತದೆ.

ಮಳೆಗಾಲ ಮತ್ತು ವಿದ್ಯುತ್

ಮಲೆನಾಡಿನಲ್ಲಿ ಈ ನಷ್ಟ ಹೆಚ್ಚಲು ಎರಡು ಕಾರಣಗಳಿವೆ. ಕೊಯ್ಲಿನ ತಿಂಗಳುಗಳಲ್ಲಿ ಬಿಡುವಿಲ್ಲದ ಯಂತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಹುಮಟ್ಟಿಗೆ ಮೂಲೆ ಸೇರುತ್ತದೆ. ಜೊತೆಗೆ, ಗಾಳಿಮಳೆಯಲ್ಲಿ ವಿದ್ಯುತ್ ಪದೇ ಪದೇ ನಿಲ್ಲುತ್ತದೆ. ಯಂತ್ರದ ಗುಂಡಿಯನ್ನು ಒತ್ತಿ ಆರಿಸಿದಾಗ ಇಂಕ್‌ಜೆಟ್‌ನ ಮುದ್ರಣ ತಲೆ ತನ್ನ ರಬ್ಬರ್ ಮುಚ್ಚಳದ ಮೇಲೆ ಹೋಗಿ ಕೂರುತ್ತದೆ. ಮುದ್ರಣದ ನಡುವೆ ವಿದ್ಯುತ್ ಹೋದರೆ, ಅಥವಾ ಗೋಡೆಯ ಸ್ವಿಚ್ಚನ್ನೇ ಆರಿಸಿದರೆ, ಅದು ತೆರೆದೇ ಉಳಿದು ಶಾಯಿ ಒಣಗುತ್ತದೆ. ಅನೇಕ ಯಂತ್ರಗಳು ಮರಳಿ ಚಾಲನೆಗೊಂಡಾಗ ಶುಚಿಗೊಳಿಸಲು ಮತ್ತಷ್ಟು ಶಾಯಿ ವ್ಯಯಿಸುತ್ತವೆ.

ಪರಿಹಾರಗಳು ಸುಲಭ. ಮೊದಲು ಯಂತ್ರದ ಗುಂಡಿಯಿಂದಲೇ ಆರಿಸಿ, ಸಿಡಿಲಿನ ದಿನಗಳಲ್ಲಿ ಆನಂತರ ಪ್ಲಗ್ ತೆಗೆಯಬೇಕು. ಇಂಕ್‌ಜೆಟ್ ಅಲ್ಪ ವಿದ್ಯುತ್ತನ್ನು ಬಳಸುವುದರಿಂದ ಸಣ್ಣ ಯು.ಪಿ.ಎಸ್. ಸಾಕು. ಲೇಸರ್ ಯಂತ್ರದ ಬಿಸಿ ಉರುಳೆ ನೂರಾರು ವ್ಯಾಟ್ ಎಳೆಯುವುದರಿಂದ ಅದನ್ನು ಸಣ್ಣ ಯು.ಪಿ.ಎಸ್.ಗೆ ಜೋಡಿಸಬಾರದು. ವಾರಕ್ಕೊಮ್ಮೆ ಬಣ್ಣದ ಒಂದು ಪುಟ ಮುದ್ರಿಸಿದರೆ ಶಾಯಿ ಹೆಪ್ಪುಗಟ್ಟುವ ಭಯ ಕಡಿಮೆ. ತೇವದಿಂದ ಸುರುಳಿಯಾಗುವ ಕಾಗದವನ್ನು ಮುಚ್ಚಿದ ಡಬ್ಬಿಯಲ್ಲಿಡುವುದು ಲೇಸು.

ಯಾರಿಗೆ ಯಾವ ಯಂತ್ರ

ಎಪ್ಸನ್ ಸಂಸ್ಥೆ 2010ರಲ್ಲಿ ಇಂಡೋನೇಷ್ಯಾದಲ್ಲಿ ಪರಿಚಯಿಸಿದ ಶಾಯಿ ಟ್ಯಾಂಕಿನ ಯಂತ್ರಗಳ ಬಗೆಯನ್ನು ಇಂದು ಇತರ ಸಂಸ್ಥೆಗಳೂ ಮಾರುತ್ತಿವೆ. ಇವು ದುಬಾರಿಯಾದರೂ ಪುಟದ ವೆಚ್ಚ ಪೈಸೆಗಳ ಲೆಕ್ಕ. ಟ್ಯಾಂಕ್ ಯಂತ್ರಕ್ಕೆ 8,000 ರೂ. ಹೆಚ್ಚು ತೆತ್ತು ಪುಟಕ್ಕೆ 4 ರೂ. 90 ಪೈಸೆ ಉಳಿಸಿದರೆ ಸುಮಾರು 1,633 ಪುಟಗಳಲ್ಲಿ ಹಣ ಮರಳುತ್ತದೆ. ತಿಂಗಳಿಗೆ 60 ಪುಟ ಮುದ್ರಿಸುವ ಹೋಂಸ್ಟೇಗೆ ಇದು ಎರಡೂಕಾಲು ವರ್ಷದ ಮಾತು. 15 ಪುಟದ ಮನೆಗೆ ಒಂಬತ್ತು ವರ್ಷ. ಇಂತಹ ಮನೆಗೆ ಬಣ್ಣ ಬೇಡವಾದಲ್ಲಿ ಕಪ್ಪು-ಬಿಳುಪು ಲೇಸರ್ ಉತ್ತಮ. ಟೋನರ್ ಪುಡಿಯಾದ್ದರಿಂದ ನಾಲ್ಕು ತಿಂಗಳು ಸುಮ್ಮನಿದ್ದರೂ ಒಣಗುವ ಪ್ರಶ್ನೆಯಿಲ್ಲ. ಅದಕ್ಕಿಂತಲೂ ಕಡಿಮೆ ಕೆಲಸವಿದ್ದವರು ಪೇಟೆಗೆ ಹೋದಾಗ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಳ್ಳುವುದೇ ಲಾಭ.

ಮುದ್ರಿಸದ ಪುಟ

ಎಲ್ಲಕ್ಕಿಂತ ಅಗ್ಗವಾದುದು ಮುದ್ರಿಸದೇ ಉಳಿದ ಪುಟ. ಇ-ವೇ ಬಿಲ್ಲಿನ ಪ್ರತಿಯ ಬದಲು ಅದರ ಸಂಖ್ಯೆಯನ್ನು ವಿದ್ಯುನ್ಮಾನ ರೂಪದಲ್ಲಿ ಒಯ್ಯಲು ಜಿ.ಎಸ್.ಟಿ. ನಿಯಮ 138ಎ ಅವಕಾಶ ನೀಡಿದೆ. ಇ-ಇನ್‌ವಾಯ್ಸ್ ಅಲ್ಲದ ಸಾಮಾನ್ಯ ಬಿಲ್ಲಿನ ಪ್ರತಿಯಂತೂ ಸರಕಿನೊಡನೆ ಇರಲೇಬೇಕು.

ಸಾಮಾನ್ಯ ಯೋಜನೆಯಲ್ಲಿ ನೋಂದಾಯಿತರಾದ ವ್ಯಾಪಾರಿಗಳು ಶಾಯಿಯ ಬಿಲ್ಲಿನಲ್ಲಿ ತಮ್ಮ ಜಿ.ಎಸ್.ಟಿ. ಸಂಖ್ಯೆ ಬರೆಸಿಕೊಂಡರೆ ತೆರಿಗೆ ವಿಧಿಸಬಹುದಾದ ವ್ಯವಹಾರಕ್ಕೆ ಬಳಸಿದ ಮಟ್ಟಿಗೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಕಾಂಪೊಸಿಷನ್ ಯೋಜನೆಯವರಿಗೂ ನೋಂದಣಿಯಿಲ್ಲದ ಬೆಳೆಗಾರರಿಗೂ ಈ ಸೌಲಭ್ಯವಿಲ್ಲ. ಅವರಿಗೆ ತೆರಿಗೆಯೂ ವೆಚ್ಚವೇ.

ಒಟ್ಟಿನಲ್ಲಿ, ಪ್ರಿಂಟರ್ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಅದರ ಬೆಲೆ ಎಷ್ಟು ಎಂಬುದಲ್ಲ. ಮಳೆಗಾಲದ ತಿಂಗಳುಗಳನ್ನೂ ಸೇರಿಸಿ ವರ್ಷಕ್ಕೆ ಎಷ್ಟು ಪುಟ ಬೇಕು ಎಂಬುದು. ಆ ಒಂದು ಅಂಕಿ ಕೈಯಲ್ಲಿದ್ದರೆ ಉಳಿದ ನಿರ್ಧಾರ ಕಷ್ಟವಲ್ಲ.