ರಕ್ತದಲ್ಲಿರುವ ಕಾವಲುಗಾರರು

ಮೈಮೇಲೆ ಮಾಸಲು ಬಿಳುಪಿನ ಅಥವಾ ತಾಮ್ರವರ್ಣದ ಮಚ್ಚೆಯೊಂದು ಕಂಡರೆ, ಇದು ತುರಿಸುವದಿಲ್ಲ, ನೋಯುವದೂ ಇಲ್ಲ ಎಂದು ಸೆರಗಿನಿಂದ ಮರೆಮಾಡಿಕೊಂಡು ಸುಮ್ಮನಿರುವವರು ಯಲಹಂಕ, ಹೆಬ್ಬಾಳಗಳ ಸುತ್ತಣ ಊರುಗಳಲ್ಲಿಯೂ ಇರಬಹುದು. ಅಂಥವರ ಶರೀರದೊಳಗೆ ನಡೆಯುವದೇನೆಂಬದನ್ನು ಈ ತಿಂಗಳು ವಿಚಾರಿಸೋಣ.

1. ಬಿಳೀ ಕಣಗಳ ಕೆಲಸ. ಆರೋಗ್ಯವಂತನ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಸುಮಾರು 4,000ದಿಂದ 11,000 ಬಿಳೀ ಕಣಗಳಿರುತ್ತವೆ. ಇವು ಶರೀರವೆಂಬ ಊರಿನ ತಳವಾರರು. 1882ರಲ್ಲಿ ಮೆಚ್ನಿಕಾಫ್ ಎಂಬ ರಷ್ಯದ ಪಂಡಿತನು ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಲು, ಅಲೆಯುವ ಕಣಗಳು ಮುಳ್ಳಿನ ಸುತ್ತ ನೆರೆದದ್ದನ್ನು ಕಂಡನು. ನಮ್ಮಲ್ಲಿಯೂ ಅಂಥ ಕಣಗಳು ಒಳನುಗ್ಗಿದ ರೋಗಾಣುಗಳನ್ನು ನುಂಗಿ ಕೊಲ್ಲುತ್ತವೆ.

2. ಕುಷ್ಠರೋಗದಲ್ಲಿ ಆಗುವದೇನು? ಈ ರೋಗದ ಅಣುವನ್ನು ನಾರ್ವೆ ದೇಶದ ಹ್ಯಾನ್ಸನ್ ವೈದ್ಯನು 1873ರಲ್ಲಿ ಕಂಡುಹಿಡಿದನು. ಆದದರಿಂದ ಇದು ವಂಶದ ಶಾಪವಲ್ಲ. ಹೆಚ್ಚಿನವರ ಬಿಳೀ ಕಣಗಳು ಇದನ್ನು ಜಯಿಸುತ್ತವೆ. ಕೆಲವರಲ್ಲಾದರೋ ನುಂಗುವ ಕಣವು ಅಣುವನ್ನು ಹಿಡಿದರೂ ಕೊಲ್ಲಲಾರದು. ಯಾಕಂದರೆ ಕೊಲ್ಲುವದಕ್ಕೆ ಲಿಂಫೋಸೈಟ್ ಎಂಬ ಬೇರೆ ಬಿಳೀ ಕಣದ ಅಪ್ಪಣೆ ಬೇಕು. ಪಟೇಲನ ಅಪ್ಪಣೆ ಬಾರದೆ ತಳವಾರನು ಕಳ್ಳನನ್ನು ತನ್ನ ಮನೆಯಲ್ಲಿಯೇ ಸಾಕಿದಂತೆ, ಅಣುಗಳು ಆ ಕಣದೊಳಗೇ ಹೆಚ್ಚುತ್ತವೆ. ಅಪ್ಪಣೆ ಬಲವಾಗಿರುವವರಲ್ಲಿ ಅಣುಗಳು ಕೆಲವೇ. ಆದರೆ ಆ ಹೋರಾಟದಲ್ಲಿ ಹತ್ತಿರದ ನರಗಳು ಕೆಡುತ್ತವೆ. ಮಚ್ಚೆಯು ನೋಯದಿರುವದು ಇದರಿಂದಲೇ. ಹೀಗಿರಲಾಗಿ ನೋವಿಲ್ಲದಿರುವದು ಧೈರ್ಯಕ್ಕೆ ಕಾರಣವಲ್ಲ, ಎಚ್ಚರಿಕೆಗೆ ಗುರುತು.

3. ನಾವು ಮಾಡತಕ್ಕದ್ದು. ಬಿಳೀ ಕಣಗಳು ಮಾಡಲಾರದ್ದನ್ನು ಔಷಧವು ಮಾಡುತ್ತದೆ. ಹಲವು ಔಷಧಗಳನ್ನು ಕೂಡಿಸಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಗೊತ್ತುಮಾಡಿತು. ರೋಗದ ಬಗೆಯನ್ನು ನೋಡಿ 6 ಅಥವಾ 12 ತಿಂಗಳು ತೆಗೆದುಕೊಂಡರೆ ಗುಣವಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಕ್ರಯವಿಲ್ಲ. ಔಷಧ ಆರಂಭವಾದ ಸ್ವಲ್ಪ ಕಾಲದಲ್ಲಿಯೇ ರೋಗವು ಇತರರಿಗೆ ಹರಡುವದು ನಿಲ್ಲುತ್ತದೆ. ನಡುವೆ ಮಚ್ಚೆಗಳು ಕೆಂಪೇರಿ ನರಗಳು ನೋಯುವದುಂಟು. ಅದು ಔಷಧದ ದೋಷವಲ್ಲ, ಬಿಳೀ ಕಣಗಳ ಕೋಪ. ಆಗ ಔಷಧವನ್ನು ಬಿಡದೆ ತಡವಿಲ್ಲದೆ ವೈದ್ಯರ ಬಳಿಗೆ ಹೋಗಬೇಕು. ತಡಮಾಡಿದರೆ ಕೈಕಾಲುಗಳು ಸೊಟ್ಟಾಗಬಹುದು. ಮನೆಯವರೆಲ್ಲರೂ ಪರೀಕ್ಷಿಸಿಕೊಳ್ಳತಕ್ಕದ್ದು.

ಕಡೆಯದಾಗಿ ಒಂದು ಮಾತು. ಕ್ರೈಸ್ತರ ವಿವಾಹವಿಚ್ಛೇದನದ ಶಾಸನದಲ್ಲಿ ಈ ರೋಗವೂ ಒಂದು ಕಾರಣವಾಗಿ ಬರೆಯಲ್ಪಟ್ಟಿತ್ತು; 2019ರಲ್ಲಿ ಪಾರ್ಲಿಮೆಂಟು ಅದನ್ನು ತೆಗೆದುಹಾಕಿತು. ಶಾಸನವು ಕೆಡವಿದ ಗೋಡೆಯನ್ನು ನಾವು ನಮ್ಮ ಮನೆಯಲ್ಲಾಗಲಿ ಸಭೆಯಲ್ಲಾಗಲಿ ತಿರಿಗಿ ಕಟ್ಟದಿರೋಣ. ರೋಗಿಯು ಮಚ್ಚೆಯನ್ನು ಮುಚ್ಚಿಡುವದು ನಮ್ಮ ಭಯದಿಂದಲೇ ಅಲ್ಲವೇ?