ಅಪರಾಧಿಯ ಲಕ್ಷಣ: ಒಂದು ಜಿಜ್ಞಾಸೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಆಜ್ಞಾಪಿಸಿದಾಗ, ಅವರು ನನ್ನಿಂದ ನಿರೀಕ್ಷಿಸಿದ್ದು ಕಾವ್ಯಮೀಮಾಂಸೆಯನ್ನೋ ಹೊಯ್ಸಳ ಶಾಸನಗಳ ಭಾಷೆಯನ್ನೋ ಕುರಿತ ಬರಹವನ್ನೆಂಬುದರಲ್ಲಿ ಸಂದೇಹವಿಲ್ಲ. ನಾನು ಆರಿಸಿಕೊಂಡಿರುವ ವಿಷಯವಾದರೋ ಮಂಗಳಕರವಾದುದಲ್ಲ. ಇದಕ್ಕೆ ಕಾರಣನಾದವನು ನನ್ನ ಹಳೆಯ ಶಿಷ್ಯನೊಬ್ಬ. ಪೋಲೀಸ್ ಇಲಾಖೆಯ ಸೇವೆಯಲ್ಲಿರುವ ಆತ ಹಳೆಯ ವಿದ್ಯಾರ್ಥಿಗಳ ಕೂಟದ ದಿನ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತು, "ಗುರುಗಳೇ, ಯಾವುದಕ್ಕೇ ಲಕ್ಷಣ ಹೇಳಿದರೂ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷ ಬರಬಾರದು ಎಂದು ಪಾಠ ಮಾಡಿದ್ದಿರಿ. ಕೊಲೆಗಾರನಿಗೆ ಒಂದು ಲಕ್ಷಣ ಹೇಳಿಕೊಡಿ ನೋಡೋಣ" ಎಂದ. ವಿನೋದಕ್ಕೆ ಕೇಳಿದನೆಂದು ಆಗ ನಕ್ಕುಬಿಟ್ಟೆ. ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಕೃತ್ಯವನ್ನು ನೋಡಿ ಕರ್ತೃವಿನ ಸ್ವಭಾವವನ್ನು ಊಹಿಸುವ ವಿದ್ಯೆಯೊಂದು ಪಾಶ್ಚಾತ್ಯ ದೇಶಗಳಲ್ಲಿ ಬೆಳೆದಿದೆ. ನಮ್ಮ ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಶೇಷವತ್ ಅನುಮಾನ. ಕಾರ್ಯದಿಂದ ಕಾರಣವನ್ನು ಊಹಿಸುವುದು. ಹೊಳೆ ಕೆಂಪಾಗಿ ಉಕ್ಕಿ ಬಂದರೆ ಮೇಲೆ ಮಳೆಯಾಗಿದೆ ಎಂದು ತಿಳಿಯುವುದು ಇದರ ಪ್ರಸಿದ್ಧ ಉದಾಹರಣೆ. ಬೇಲೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಗಚಿ ಕೆಂಪಾದರೆ ಬಾಬಾಬುಡನ್‌ಗಿರಿಯ ಕಡೆ ಮಳೆ. ಆದರೆ ನ್ಯಾಯಸೂತ್ರಕಾರರೇ ಪೂರ್ವಪಕ್ಷವಾಗಿ ಎತ್ತಿರುವ ಆಕ್ಷೇಪವೊಂದುಂಟು: ಕಟ್ಟೆ ಕಟ್ಟಿ ತಡೆದಾಗಲೂ ನೀರು ಏರುತ್ತದಲ್ಲ, ಆಗ ಅನುಮಾನ ಸುಳ್ಳಾಗುವುದಿಲ್ಲವೇ? ಯಗಚಿಗೂ ಈಗ ಅಣೆಕಟ್ಟು ಇದೆ. ಬಾಗಿಲು ತೆರೆದರೆ ಬಿಸಿಲುಗಾಲದಲ್ಲೂ ಹೊಳೆ ತುಂಬೀತು. ಏರಿದ ನೀರಿನಲ್ಲೆಲ್ಲ ಮಳೆಯನ್ನು ಕಾಣುವವನು ತಪ್ಪುತ್ತಾನೆ; ಮಳೆಯ ನೀರಿನ ಬಣ್ಣ, ವೇಗ, ತೇಲಿ ಬರುವ ಕಸಕಡ್ಡಿಗಳನ್ನು ಗಮನಿಸುವವನು ತಪ್ಪುವುದಿಲ್ಲ ಎಂಬುದು ಸಿದ್ಧಾಂತಿಗಳ ಸಮಾಧಾನ. ಅಪರಾಧಶಾಸ್ತ್ರದ ಇಡೀ ವಿವಾದ ಈ ಒಂದು ಸಮಾಧಾನದಲ್ಲಿ ಅಡಗಿದೆ ಎಂದು ನನ್ನ ಅಭಿಪ್ರಾಯ.

ನ್ಯೂಯಾರ್ಕ್ ನಗರದಲ್ಲಿ 1940ರಿಂದ 1956ರವರೆಗೆ ಸಾರ್ವಜನಿಕ ಸ್ಥಳಗಳಲ್ಲಿ ಬಾಂಬುಗಳನ್ನಿಡುತ್ತಿದ್ದವನೊಬ್ಬನಿದ್ದ. ಜೇಮ್ಸ್ ಬ್ರಸೆಲ್ ಎಂಬ ಮನೋವೈದ್ಯರು ಅವನ ಪತ್ರಗಳನ್ನೂ ಕೃತ್ಯಗಳನ್ನೂ ಪರಿಶೀಲಿಸಿ ಅವನ ವಯಸ್ಸು, ಮೂಲ, ಸ್ವಭಾವಗಳನ್ನು ಹೇಳಿ, ಸಿಕ್ಕಾಗ ಎರಡು ಸಾಲು ಗುಂಡಿಗಳ ಕೋಟನ್ನು ಗುಂಡಿ ಹಾಕಿಯೇ ತೊಟ್ಟಿರುತ್ತಾನೆ ಎಂದರಂತೆ. 1957ರ ಜನವರಿಯಲ್ಲಿ ಜಾರ್ಜ್ ಮೆಟೆಸ್ಕಿ ಸೆರೆಯಾದ. ಅಂಥ ಕೋಟನ್ನೇ ತೊಟ್ಟಿದ್ದ. ಈ ಕೋಟಿನ ಕಥೆ ಲೋಕಪ್ರಸಿದ್ಧವಾಯಿತು. ಅಷ್ಟಾಗಿ ಪ್ರಸಿದ್ಧವಾಗದ ಸಂಗತಿಯೆಂದರೆ, ಅವನ ಹೆಸರು ಹೊರಬಿದ್ದದ್ದು ಅವನು ಹಿಂದೆ ಕೆಲಸ ಮಾಡಿದ್ದ ವಿದ್ಯುತ್ ಕಂಪನಿಯ ಗುಮಾಸ್ತೆಯೊಬ್ಬಳು ಹಳೆಯ ಕಡತಗಳನ್ನು ತಾಳ್ಮೆಯಿಂದ ಓದಿದ್ದರಿಂದ.

ಮುಂದೆ 1972ರಲ್ಲಿ ಅಮೆರಿಕದ ಎಫ್.ಬಿ.ಐ. ಸಂಸ್ಥೆ ಕ್ವಾಂಟಿಕೊದಲ್ಲಿ ವರ್ತನಶಾಸ್ತ್ರ ವಿಭಾಗವನ್ನು ತೆರೆಯಿತು. ರಾಬರ್ಟ್ ರೆಸ್ಲರ್, ಜಾನ್ ಡಗ್ಲಸ್ ಮೊದಲಾದವರು ಸೆರೆಮನೆಗಳಿಗೆ ಹೋಗಿ ಮೂವತ್ತಾರು ಮಂದಿ ಕೊಲೆಗಾರರೊಡನೆ ಮಾತನಾಡಿ, ಯೋಜಿಸಿ ಕೊಲ್ಲುವವರು, ಯೋಜನೆಯಿಲ್ಲದೆ ಕೊಲ್ಲುವವರು ಎಂದು ಎರಡು ವರ್ಗಗಳನ್ನು ಮಾಡಿದರು. ಕೇಳಲು ಇದು ಬಹಳ ಹಿತವಾದ ವಿಭಾಗ. ಇಂಗ್ಲೆಂಡಿನ ಡೇವಿಡ್ ಕ್ಯಾಂಟರ್ ಮತ್ತು ಸಂಗಡಿಗರು 2004ರಲ್ಲಿ ನೂರು ಪ್ರಕರಣಗಳನ್ನು ತೂಗಿ ನೋಡಿ, ಈ ಎರಡು ವರ್ಗಗಳು ಬೇರೆಬೇರೆಯಾಗಿ ನಿಲ್ಲುವುದಿಲ್ಲವೆಂದು ತೋರಿಸಿದರು. ಲಕ್ಷ್ಯಗಳನ್ನು ನೋಡದೆ ಮಾಡಿದ ಲಕ್ಷಣಕ್ಕೆ ಬರುವ ಗತಿಯೇ ಇದು.

ನಮ್ಮಲ್ಲಿ ಈ ವಿಚಾರ ಇರಲಿಲ್ಲವೇ? ಇತ್ತು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ತಾಳೆಯ ಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣಕ್ಕೆ ಕಂಟಕಶೋಧನವೆಂದು ಹೆಸರು. ಅಲ್ಲಿ ಶಂಕೆಗೆ ಅರ್ಹರಾದವರ ಪಟ್ಟಿಯೊಂದಿದೆ. ಸಂಪಾದನೆ ಅಲ್ಪವಾಗಿದ್ದು ವೆಚ್ಚ ಅಧಿಕವಾಗಿರುವವನು, ತನ್ನ ದೇಶ, ಜಾತಿ, ಗೋತ್ರ, ಹೆಸರು, ಕಸುಬುಗಳನ್ನು ಬದಲಿಸಿ ಹೇಳುವವನು, ವೃತ್ತಿಯನ್ನು ಮರೆಮಾಚುವವನು. ಮರುಪ್ರಕರಣದಲ್ಲಿ ಹಠಾತ್ತನೆ ಸತ್ತವರ ದೇಹವನ್ನು ಹೇಗೆ ಪರೀಕ್ಷಿಸಬೇಕು, ವಿಷದಿಂದ ಸತ್ತವರ ಕೈಕಾಲು, ಹಲ್ಲು, ಉಗುರುಗಳು ಹೇಗೆ ಕಪ್ಪಾಗುತ್ತವೆ ಎಂಬ ವಿವರಗಳಿವೆ. ನೇಣು ಹಾಕಿಕೊಂಡವನ ವಿಷಯದಲ್ಲಿಯೂ, ಆತನಿಗೆ ಯಾರಿಂದ ಯಾವ ಅನ್ಯಾಯವಾಗಿತ್ತೆಂಬುದನ್ನು ವಿಚಾರಿಸಬೇಕೆನ್ನುತ್ತಾನೆ. ಆತ್ಮಹತ್ಯೆ ಎಂದು ಬರೆದು ಪುಸ್ತಕ ಮುಚ್ಚಲು ಕೌಟಿಲ್ಯ ಒಪ್ಪುವುದಿಲ್ಲ.

ಈಗ ನಮ್ಮ ಜಿಲ್ಲೆಗೇ ಬರೋಣ. 2009ರ ಜೂನ್ ತಿಂಗಳಲ್ಲಿ ಹಾಸನದ ಬಸ್ ನಿಲ್ದಾಣದ ಶೌಚಾಲಯದಲ್ಲಿ ಯುವತಿಯೊಬ್ಬಳು ಸತ್ತು ಬಿದ್ದಿದ್ದಳು. ಅರಸೀಕೆರೆಯಿಂದ ಹಾಸನಕ್ಕೆ ಹೋಗಿಬರುವ ನಾವೆಲ್ಲರೂ ಇಳಿದು ಹತ್ತುವ ಊರು. ಆಕೆ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನವಳು. ಇಂಥದೇ ಸಾವುಗಳು ಅದಕ್ಕೆ ಮುಂಚೆ ಮೈಸೂರು, ಬೆಂಗಳೂರು, ಮಡಿಕೇರಿಗಳ ಬಸ್ ನಿಲ್ದಾಣಗಳಲ್ಲಿಯೂ ಆಗಿದ್ದವು. ಅಪರಿಚಿತ ಹೆಂಗಸು, ಅಸಹಜ ಸಾವು ಎಂದು ಆಯಾ ಠಾಣೆಯಲ್ಲಿ ದಾಖಲಾಗಿ, ಬಹುಮಟ್ಟಿಗೆ ಆತ್ಮಹತ್ಯೆಗಳೆಂದು ಭಾವಿಸಲ್ಪಟ್ಟಿದ್ದವು. ಒಂದು ಊರಿನ ಕಡತಕ್ಕೆ ಇನ್ನೊಂದು ಊರಿನ ಕಡತದ ಪರಿಚಯವಿರಲಿಲ್ಲ. ಹಾಸನದ ಹೆಣ್ಣುಮಗಳು ಮನೆಯಿಂದ ಕಾಣೆಯಾದಾಗ ಅನ್ಯಮತೀಯನೊಡನೆ ಓಡಿಹೋದಳೆಂಬ ಗಾಳಿಮಾತು ಹುಟ್ಟಿ, ಊರಿನವರು ಠಾಣೆಯ ಮುಂದೆ ಪ್ರತಿಭಟಿಸಿದ ಮೇಲೆ ತನಿಖೆ ಚುರುಕಾಯಿತು. ಗಾಳಿಮಾತು ಸುಳ್ಳಾಗಿತ್ತು. ದೂರವಾಣಿ ಕರೆಗಳ ಜಾಡು ಹಿಡಿದು ಹೋದವರಿಗೆ ಕಾಣೆಯಾದ ಬೇರೆ ಯುವತಿಯರ ಎಳೆಗಳೂ ದೊರೆತು, ಅಕ್ಟೋಬರಿನಲ್ಲಿ ಮೋಹನ್ ಕುಮಾರ್ ಎಂಬವನು ಸೆರೆಯಾದ. 2003ರಿಂದ 2009ರವರೆಗೆ ಇಪ್ಪತ್ತು ಮಂದಿ ಯುವತಿಯರನ್ನು ಸಯನೈಡ್ ಕೊಟ್ಟು ಕೊಂದನೆಂಬುದು ಆತನ ಮೇಲಿದ್ದ ಆರೋಪ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆಯನ್ನು ವಿಧಿಸಿತು. ಹಾಸನದ ಪ್ರಕರಣದಲ್ಲಿ ಅದನ್ನು ಉಚ್ಚ ನ್ಯಾಯಾಲಯ 2017ರಲ್ಲಿ ಜೀವಾವಧಿ ಶಿಕ್ಷೆಯನ್ನಾಗಿ ಮಾರ್ಪಡಿಸಿತು. ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ.

ಇವನು ಯಾರು? ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದವನು. ಈ ವಾಕ್ಯವನ್ನು ಬರೆಯುವಾಗ ನನ್ನ ಲೇಖನಿ ಸ್ವಲ್ಪ ತಡೆಯಿತು. ಓದುವ ಉಪಾಧ್ಯಾಯ ಮಿತ್ರರಿಗೂ ಹಾಗೆಯೇ ಆದೀತು. ಕೆಂಗಣ್ಣು, ಕರ್ಕಶ ಧ್ವನಿ, ಗಾಯದ ಕಲೆ ಎಂಬ ಕೊಲೆಗಾರನ ಲೋಕರೂಢ ಲಕ್ಷಣಗಳಲ್ಲಿ ಒಂದೂ ಇವನಿಗೆ ಅನ್ವಯಿಸುವುದಿಲ್ಲ. ಅವ್ಯಾಪ್ತಿಗೆ ಇದಕ್ಕಿಂತ ಉದಾಹರಣೆ ಬೇಡ. ಮೃದುವಾಗಿ ಮಾತನಾಡುತ್ತಿದ್ದ. ವರದಕ್ಷಿಣೆ ಕೊಡಲಾರದೆ ಮದುವೆ ತಡವಾಗಿದ್ದ ಬಡ ಮನೆಗಳ ಹೆಣ್ಣುಮಕ್ಕಳನ್ನು ಪರಿಚಯ ಮಾಡಿಕೊಂಡು, ತಾನು ಸರ್ಕಾರಿ ಕೆಲಸದಲ್ಲಿರುವವನೆಂದೂ ಅವರದೇ ಜಾತಿಯವನೆಂದೂ ಬೇರೆ ಹೆಸರು ಹೇಳಿ ನಂಬಿಸುತ್ತಿದ್ದ. ವರದಕ್ಷಿಣೆ ಬೇಡವೆನ್ನುತ್ತಿದ್ದ. ದೂರದ ಊರಿನ ವಸತಿಗೃಹದಲ್ಲಿ ಒಂದು ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲಿಯೇ ಇಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರುವ ಗುಳಿಗೆಯೆಂದು ಕೊಟ್ಟು, ವಾಂತಿಯಾದೀತು, ಶೌಚಾಲಯಕ್ಕೆ ಹೋಗಿ ನುಂಗು ಎಂದು ಹೇಳಿ ಕಳಿಸುತ್ತಿದ್ದ. ಅಕ್ಕಸಾಲಿಗರ ಕೆಲಸಕ್ಕೆ ಬಳಕೆಯಾಗುವ ವಿಷ ಅದು. ಒಡವೆಗಳೊಡನೆ ಅವನು ಊರು ಬಿಡುವ ಹೊತ್ತಿಗೆ ಒಳಗೆ ಎಲ್ಲ ಮುಗಿದಿರುತ್ತಿತ್ತು.

ಸುಳ್ಳು ಹೆಸರು, ಸುಳ್ಳು ಜಾತಿ, ಸುಳ್ಳು ಕಸುಬು. ಕೌಟಿಲ್ಯನ ಪಟ್ಟಿಯ ಮಾತುಗಳು ಒಂದೊಂದಾಗಿ ಇಲ್ಲಿ ಕೂಡುತ್ತವೆ. ಆದರೆ ಈ ಲಕ್ಷಣಗಳು ಮುಖದಲ್ಲಿ ಕಾಣುವುದಿಲ್ಲ. ಯಾರಾದರೂ ಆತನ ಊರಿಗೆ ಹೋಗಿ ವಿಚಾರಿಸಿದ್ದರೆ ಮಾತ್ರ ಕಾಣುತ್ತಿದ್ದವು. ಮೆಟೆಸ್ಕಿಯ ಪ್ರಕರಣದಲ್ಲಿ ಕಡತ ಮಾಡಿದ ಕೆಲಸವನ್ನು ಇಲ್ಲಿ ದೂರವಾಣಿಯ ಲೆಕ್ಕ ಮಾಡಿತು. ದೇಶದ ಠಾಣೆಗಳನ್ನೆಲ್ಲ ಗಣಕಯಂತ್ರದ ಮೂಲಕ ಜೋಡಿಸುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು ಅದೇ 2009ರಲ್ಲಿ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಇದಕ್ಕೆ ಸ್ವಲ್ಪ ಮೊದಲು, 2007ರ ಡಿಸೆಂಬರಿನಲ್ಲಿ, ದೇವಸ್ಥಾನಗಳಿಗೆ ಬರುವ ನೊಂದ ಹೆಂಗಸರಿಗೆ ಪೂಜೆಯ ನೆಪದಲ್ಲಿ ಇದೇ ವಿಷವನ್ನು ಕೊಡುತ್ತಿದ್ದ ಕೆಂಪಮ್ಮ ಬೆಂಗಳೂರಿನಲ್ಲಿ ಸಿಕ್ಕಿಬಿದ್ದಿದ್ದಳು. ಅಲ್ಲಿಯೂ ಕೊಂದದ್ದು ವಿಷ. ಕೊಲ್ಲಲು ಅವಕಾಶ ಕೊಟ್ಟದ್ದು ವಿಶ್ವಾಸ.

ಅತಿವ್ಯಾಪ್ತಿಯ ದೋಷವಂತೂ ಇದಕ್ಕಿಂತ ಘೋರ. 1871ರಲ್ಲಿ ಆಂಗ್ಲ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದು, ಅಲೆಮಾರಿಗಳಾಗಿ ಬದುಕುತ್ತಿದ್ದ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಸಾರಿತು. ತೊಟ್ಟಿಲಲ್ಲಿರುವ ಕೂಸಿಗೂ ಲಕ್ಷಣ ಅನ್ವಯಿಸಿತು. ನಮ್ಮ ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಹಾಕಿದ್ದ ಜಾಗವನ್ನು ಜನ ಸೆಟ್ಲ್‌ಮೆಂಟ್ ಎಂದು ಕರೆದರು. 1952ರಲ್ಲಿ ಕಾಯಿದೆ ರದ್ದಾಯಿತು. ಹಣೆಗೆ ಬರೆದ ಹೆಸರು ಅಷ್ಟು ಬೇಗ ಅಳಿಯಲಿಲ್ಲ. ನನ್ನ ಬಾಲ್ಯದಲ್ಲಿ ನಮ್ಮೂರಿನಲ್ಲಿ ತೆಂಗಿನಕಾಯಿ ಕಳುವಾದರೆ, ಊರ ಹೊರಗೆ ಗುಡಿಸಲು ಹಾಕಿದ್ದವರನ್ನು ಮೊದಲು ಕರೆತರುತ್ತಿದ್ದರು. ಕಾಯಿ ಕದ್ದವನು ಊರೊಳಗೇ ಇದ್ದನೆಂದು ಗೊತ್ತಾದ ಒಂದು ಸಂದರ್ಭವನ್ನು ನಾನೇ ಬಲ್ಲೆ. ಗುಡಿಸಲಿನವರ ಕ್ಷಮೆಯನ್ನು ಯಾರೂ ಕೇಳಲಿಲ್ಲ. ಶಂಕಿಸುವವನ ಮನಸ್ಸಿನಲ್ಲಿ ಮೊದಲೇ ಇರುವ ಚಿತ್ರವನ್ನು ಶಾಸ್ತ್ರವೆಂದು ಕರೆದರೆ ಹೀಗಾಗುತ್ತದೆ.

ಇನ್ನು ಒಳಮನಸ್ಸನ್ನು ಔಷಧ ಚುಚ್ಚಿ ಹೊರತೆಗೆಯುವ ಪರೀಕ್ಷೆಗಳು ಬೆಂಗಳೂರಿನಲ್ಲಿಯೂ ನಡೆದವು. ವ್ಯಕ್ತಿಯ ಸಮ್ಮತಿಯಿಲ್ಲದೆ ಅವನ್ನು ನಡೆಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ, ಸೆಲ್ವಿ ಹಾಗೂ ಕರ್ನಾಟಕ ರಾಜ್ಯದ ನಡುವಣ ಪ್ರಕರಣದಲ್ಲಿ, ತೀರ್ಪಿತ್ತಿತು. ಅಷ್ಟು ಸಾಕು.

ಹಾಗಾದರೆ ಹಿಂಸ್ರ ಮನಸ್ಸಿನೊಳಗೆ ಪ್ರವೇಶವೇ ಇಲ್ಲವೇ? ಹಳೇಬೀಡನ್ನು ನೆರೆಯಲ್ಲಿಟ್ಟುಕೊಂಡಿರುವ ನಾವು ಆ ಮಾತನ್ನು ಆಡಬಾರದು. ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ 1209ರಲ್ಲಿ ಯಶೋಧರ ಚರಿತೆಯನ್ನು ಮುಗಿಸಿದ. ಜೀವವಧೆ ಬೇಡವೆನ್ನುವ ಅರಸು, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಆ ಕೋಳಿ ಕೂಗುತ್ತದೆ. ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಅದರ ಫಲವನ್ನು ಉಣ್ಣುತ್ತಾರೆ. ಸಂಕಲ್ಪದಲ್ಲಿಯೇ ಹಿಂಸೆ ನಡೆದುಹೋಯಿತೆಂಬುದು ಕವಿಯ ನೋಟ. ರೆಸ್ಲರ್ ಮೊದಲಾದವರು ಸೆರೆಮನೆಗಳಲ್ಲಿ ಕೇಳಿಸಿಕೊಂಡದ್ದೂ, ಕೈ ಕೊಲ್ಲುವುದಕ್ಕೆ ಎಷ್ಟೋ ಕಾಲ ಮೊದಲೇ ಮನಸ್ಸು ಅದನ್ನು ಮತ್ತೆ ಮತ್ತೆ ಕಲ್ಪಿಸಿಕೊಳ್ಳುತ್ತಿತ್ತು ಎಂಬುದನ್ನೇ. ಧರ್ಮಕಾವ್ಯದ ಕರ್ಮಸಿದ್ಧಾಂತವನ್ನೂ ಸೆರೆಮನೆಯ ಸಂದರ್ಶನವನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲವೆಂದು ಬಲ್ಲೆ. ಮೋಹನನ ಕೃತ್ಯಗಳಲ್ಲಿ ಚಿನ್ನದ ಆಸೆಯೆಷ್ಟು, ಬೇರೆಯದೆಷ್ಟು ಎಂದು ನಾನು ನಿರ್ಣಯಿಸಲಾರೆ. ಆದರೂ ಒಂದೇ ಕೃತ್ಯ, ಒಂದೇ ಬಗೆಯ ಸ್ಥಳ, ಒಂದೇ ಬಗೆಯ ಮಾತು ಆರು ವರ್ಷ ನಡೆದುಬಂದಿರುವಾಗ, ಅದನ್ನು ಒಂದು ಕ್ಷಣದ ಕೋಪವೆನ್ನಲು ಎಡೆಯೆಲ್ಲಿ?

ತರಗತಿಯಲ್ಲಿ ಈ ಕಥೆಯನ್ನು ಹೇಳಿದಾಗ ಒಮ್ಮೆ ಒಬ್ಬ ಹುಡುಗಿ, "ಹಿಟ್ಟಿನಲ್ಲಿ ಕೋಳಿ ಮಾಡಿಕೊಟ್ಟರಲ್ಲ ಸಾರ್, ಅವರಿಗೆ ಏನಾಯಿತು?" ಎಂದು ಕೇಳಿದಳು. ನಾನು ಪುಸ್ತಕದ ಕಡೆ ನೋಡಿದೆ. ವರದಕ್ಷಿಣೆ ನಿಷೇಧದ ಕಾಯಿದೆ 1961ರದು. ಮಂಗಳೂರಿನ ಪ್ರಕರಣಗಳು ಅದಾಗಿ ನಾಲ್ಕು ದಶಕಗಳು ಕಳೆದ ಮೇಲಿನವು. ವರದಕ್ಷಿಣೆ ಬೇಡವೆಂಬ ಒಂದು ಮಾತು ಒಬ್ಬ ಹೆಣ್ಣುಮಗಳನ್ನು ಅಪರಿಚಿತನ ಹಿಂದೆ ಬಸ್ಸು ಹತ್ತಿಸುವಷ್ಟು ಬಲವುಳ್ಳದ್ದಾಗಿತ್ತು. ಮಗಳು ಬಾರದಿದ್ದಾಗ, ಯಾರನ್ನೋ ಮದುವೆಯಾಗಿ ಎಲ್ಲಿಯೋ ಸುಖವಾಗಿದ್ದಾಳೆಂದು ನಂಬಿಯೋ, ಮಾನಕ್ಕೆ ಅಂಜಿಯೋ, ಕೆಲವು ಮನೆಗಳವರು ಠಾಣೆಗೆ ಹೋಗಲೇ ಇಲ್ಲ. ದೂರು ಬಾರದ ಕಡೆ ಕಾಣೆಯಾದವರ ಪಟ್ಟಿ ಹೇಗೆ ಹುಟ್ಟೀತು? ಪಟ್ಟಿಯಿಲ್ಲದೆ ಅಪರಿಚಿತ ಶವಕ್ಕೆ ಹೆಸರು ಎಲ್ಲಿಂದ ಬಂದೀತು?

ಈ ಲೇಖನವನ್ನು ಬರೆಯುವ ಮುನ್ನ ಆ ಶಿಷ್ಯನಿಗೆ ದೂರವಾಣಿ ಮಾಡಿ, ಕೊಲೆಗಾರನಿಗೆ ನಿರ್ದುಷ್ಟವಾದ ಲಕ್ಷಣ ಹೇಳಲು ನನ್ನಿಂದ ಆಗಲಿಲ್ಲವೆಂದು ಒಪ್ಪಿಕೊಂಡೆ. ಆತ ನಗಲಿಲ್ಲ. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಅಸಹಜ ಸಾವಿನ ವಿಚಾರಣೆಗೆ ಪ್ರತ್ಯೇಕ ಕಲಮು ಉಂಟೆಂದೂ, ಅದು ನೂರ ತೊಂಬತ್ತನಾಲ್ಕನೆಯದೆಂದೂ ತಿಳಿಸಿ, "ಗುರುಗಳೇ, ಹುಡುಗಿ ಕಾಣಿಸುತ್ತಿಲ್ಲ ಎಂದು ಮನೆಯವರು ಬರದಿದ್ದರೆ ಊರಿನವರಾದರೂ ಬಂದು ಹೇಳಲಿ. ಮೇಷ್ಟ್ರುಗಳಾದರೂ ಬರಲಿ. ನಾವು ಬರೆದುಕೊಳ್ಳುತ್ತೇವೆ" ಎಂದ. ಆತನ ಮಾತನ್ನು ಈ ಸಂಚಿಕೆಯ ಮೂಲಕ ಶಾಲೆಯ ಬಂಧುಗಳಿಗೆ ತಲುಪಿಸಿದ್ದೇನೆ.